ಎತ್ತದೆ ಉಳಿದ ಎಡಗೈ: ಪೇಸ್‌ಮೇಕರ್ ಶಸ್ತ್ರಚಿಕಿತ್ಸೆಯ ನಂತರದ ಭುಜನೋವಿನ ಒಂದು ಪ್ರಕರಣ

ಪೇಸ್‌ಮೇಕರ್ (ಹೃದಯದ ಮಿಡಿತ ಕಾಯುವ ಪುಟ್ಟ ಯಂತ್ರ) ಅಳವಡಿಸಿದ ಮೇಲೆ ಕಾಣಿಸಿಕೊಳ್ಳುವ ತೋಳು ಮತ್ತು ಭುಜದ ನೋವನ್ನು ಹೃದ್ರೋಗ ವಿಭಾಗದವರು ಮೂಳೆಯ ತೊಂದರೆ ಎಂದೂ, ಮೂಳೆ ವಿಭಾಗದವರು ಹೃದಯಕ್ಕೆ ಸೇರಿದ್ದೆಂದೂ ಭಾವಿಸುವುದರಿಂದ ರೋಗಿ ಇಬ್ಬರ ನಡುವೆ ಉಳಿದುಬಿಡುವುದುಂಟು. ಇಲ್ಲಿ ಬರೆದಿರುವುದು ಅಂಥ ಒಂದು ಪ್ರಕರಣ. ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ. ಈ ರೋಗಿಯ ಫಿಸಿಯೋಥೆರಪಿಯ ಹೊಣೆ ನನ್ನದಾಗಿತ್ತು. ಔಷಧ ಮತ್ತು ಯಂತ್ರದ ಕುರಿತ ನಿರ್ಧಾರಗಳು ಆಯಾ ವೈದ್ಯರವು.

ಹಿನ್ನೆಲೆ

ಅರವತ್ತು ದಾಟಿದ ಈ ಮಹಿಳೆ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಹತ್ತಿರದ ಹಳ್ಳಿಯವರು. ಹತ್ತು ವರ್ಷಕ್ಕೂ ಹೆಚ್ಚಿನ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳಿರುವ ಮನೆಯಲ್ಲಿ ದಿನದ ಜೋಳದ ರೊಟ್ಟಿ ಅವರ ಕೈಯಿಂದಲೇ ಆಗಬೇಕಿತ್ತು. ಒಂದು ಬೆಳಿಗ್ಗೆ ಹಿತ್ತಲಲ್ಲಿ ತಲೆಸುತ್ತಿ ಬಿದ್ದಾಗ ನಾಡಿ ನಿಮಿಷಕ್ಕೆ 36ರ ಆಸುಪಾಸಿನಲ್ಲಿತ್ತು. ಇಸಿಜಿಯಲ್ಲಿ ಸಂಪೂರ್ಣ ಹಾರ್ಟ್ ಬ್ಲಾಕ್ ಕಂಡಿತು. ಅಂದರೆ ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳನ್ನು ತಲುಪುತ್ತಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದಡಿ, ಎದೆಯ ಸ್ನಾಯುವಿನ ಮೇಲೆ ಯಂತ್ರವನ್ನಿಟ್ಟು, ಅಲ್ಲಿಂದ ರಕ್ತನಾಳದ ಮೂಲಕ ಎರಡು ತಂತಿಗಳನ್ನು ಹೃದಯದ ಬಲಭಾಗದ ಕೋಣೆಗಳಿಗೆ ಇಳಿಸಿದರು. ಶಸ್ತ್ರಚಿಕಿತ್ಸೆ ಯಾವ ತೊಡಕೂ ಇಲ್ಲದೆ ಮುಗಿದು ಮೂರನೆಯ ದಿನ ಮನೆಗೆ ಬಂದರು. ಗಾಯ ಚೆನ್ನಾಗಿ ಮಾಯಿತು. ತಲೆಸುತ್ತು ಮತ್ತೆ ಬರಲಿಲ್ಲ.

ಬಿಡುಗಡೆ ಚೀಟಿಯಲ್ಲಿ ಕೈಯ ಬಗ್ಗೆ ಒಂದೇ ಸಾಲು ಇತ್ತು: ಎಡಗೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಎಷ್ಟು ದಿನ ಎಂಬುದು ಅದರಲ್ಲಿರಲಿಲ್ಲ. ಆರು ವಾರ ಎಂದು ಮಗನಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಮಗ ಅದನ್ನು ಮನೆಯಲ್ಲಿ ಹೇಳುವಷ್ಟರಲ್ಲಿ ಉಳಿದದ್ದು ‘ಕೈ ಎತ್ತಬ್ಯಾಡ್ರಿ’ ಎಂಬುದಷ್ಟೇ. ನೋಡಲು ಬಂದವರೊಬ್ಬರು ಕೈ ಆಡಿಸಿದರೆ ವೈರ್ ಕಿತ್ತು ಬರುತ್ತದೆ ಎಂದರು. ಮೊದಲ ದಿನದ ಮಟ್ಟಿಗೆಂದು ಕೊಟ್ಟಿದ್ದ, ಕೈಯನ್ನು ಕೊರಳಿಗೆ ತೂಗುಹಾಕುವ ಕೈಜೋಲಿ ಹೆಚ್ಚುಕಡಿಮೆ ಎರಡು ತಿಂಗಳು ಕೊರಳಿನಲ್ಲೇ ಇತ್ತು. ರಾತ್ರಿ ಬಲಮಗ್ಗುಲಿಗೆ ಮಲಗಿ, ಎಡಗೈಯನ್ನು ಎದೆಗವಚಿಕೊಂಡು ನಿದ್ದೆ ಮಾಡುವುದು ರೂಢಿಯಾಯಿತು. ಸ್ನಾನ ಮಾಡಿಸುವುದು, ತಲೆ ಬಾಚುವುದು ಎಲ್ಲವೂ ಸೊಸೆಯ ಪಾಲಿಗೆ ಬಂತು. ಇದನ್ನು ಆ ಮನೆಯವರ ಅಜ್ಞಾನ ಎನ್ನಲಾಗದು. ಕೊಟ್ಟ ಸೂಚನೆಯನ್ನು ಅವರು ತಮಗೆ ತಿಳಿದಂತೆ, ಅಗತ್ಯಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದ್ದರು.

ನೋವು ಬಂದ ಬಗೆ

ಮೊದಲ ಎರಡು ವಾರದ ನೋವು ಗಾಯದ್ದು. ಅದು ತಾನಾಗಿ ಇಳಿಯಿತು. ಎರಡನೆಯ ತಿಂಗಳ ಕೊನೆಯಲ್ಲಿ ಶುರುವಾದದ್ದು ಬೇರೆಯೇ ಬಗೆಯ ನೋವು. ಯಂತ್ರವಿರುವ ಜಾಗವನ್ನು ಬಿಟ್ಟು ಭುಜದ ಹೊರಬದಿಯಿಂದ ತೋಳಿನ ನಡುವಿನವರೆಗೆ ಆಳದಲ್ಲಿ ಹಿಂಡಿದಂತೆ ಇರುತ್ತಿತ್ತು, ಹಗಲಿಗಿಂತ ರಾತ್ರಿ ಹೆಚ್ಚುತ್ತಿತ್ತು, ಮಗ್ಗುಲಾದರೆ ಎಚ್ಚರವಾಗುತ್ತಿತ್ತು. ಕುಪ್ಪಸದ ತೋಳಿಗೆ ಕೈ ತೂರಿಸುವಾಗ, ಬೆನ್ನ ಹಿಂದೆ ಸೆರಗು ಎಳೆದುಕೊಳ್ಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಎಡತೋಳಿನ ನೋವೆಂದರೆ ಯಾರಿಗಾದರೂ ಮೊದಲು ಹೊಳೆಯುವುದು ಹೃದಯ. ಒಂದು ರಾತ್ರಿ ನೋವು ತಡೆಯಲಾಗದೆ ಮನೆಯವರು ಬಾಡಿಗೆ ಕಾರು ಹಿಡಿದು ತುರ್ತು ಚಿಕಿತ್ಸೆಗೆ ಒಯ್ದರು. ಪೇಸ್‌ಮೇಕರ್ ನಡೆಸುತ್ತಿರುವ ಹೃದಯದ ಇಸಿಜಿಯನ್ನು ನೋಡಿ ಹೃದಯಾಘಾತವನ್ನು ತಳ್ಳಿಹಾಕುವುದು ಸುಲಭವಲ್ಲ. ಆದ್ದರಿಂದ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿ, ಹೃದಯಕ್ಕೆ ಏನೂ ಆಗಿಲ್ಲವೆಂದು ಬೆಳಿಗ್ಗೆ ಕಳುಹಿಸಿದರು. ಹಾಗೆ ಹೋದದ್ದು ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ‘ಹೃದಯದ್ದಲ್ಲ’ ಎಂದು ತಿಳಿದ ಮೇಲೆ ಹಾಗಾದರೆ ಯಾವುದು ಎಂಬ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನೋವಿನ ಮಾತ್ರೆ ಬರೆದುಕೊಟ್ಟು ವಿಷಯ ಮುಗಿಯಿತು.

ಮನೆಯವರು ಮಾಡಿ ನೋಡಿದ್ದು

ಅಲ್ಲಿಂದ ಮುಂದೆ ಸುಮಾರು ಒಂದೂವರೆ ತಿಂಗಳು ನಾನಾ ಉಪಾಯಗಳಲ್ಲಿ ಕಳೆಯಿತು. ವಾಯು ಎಂದು ಎಣ್ಣೆ ಕಾಯಿಸಿ ತಿಕ್ಕಿಸಿದರು. ತಿಕ್ಕುವಾಕೆ ತೋಳಿನಿಂದ ಆರಂಭಿಸಿ ಕೊರಳೆಲುಬಿನ ಕೆಳಗಿನವರೆಗೂ ಒತ್ತಿ ಎಳೆಯುತ್ತಿದ್ದಳು. ಯಂತ್ರದ ಮೇಲೆ ಮತ್ತು ತಂತಿ ಹಾದುಹೋಗುವ ಜಾಗದ ಮೇಲೆ ಹಾಗೆ ಒತ್ತಬಾರದೆಂದು ಹೇಳುವವರಿರಲಿಲ್ಲ. ಔಷಧದ ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ದಿನಕ್ಕೆರಡರಂತೆ ನುಂಗಿದರು. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವವರಲ್ಲಿ ಇಂಥ ಮಾತ್ರೆಗಳು ವಾರಗಟ್ಟಲೆ ನಡೆದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ರಕ್ತದೊತ್ತಡ ಏರಬಹುದು. ಈ ರೋಗಿಯಲ್ಲಿ ರಕ್ತದೊತ್ತಡ ಏರಿತ್ತು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಅದೃಷ್ಟವಶಾತ್ ಮೊದಲಿನಷ್ಟೇ ಇತ್ತು.

ನಂತರ ಯಾರೋ ಹೇಳಿದರೆಂದು ‘ಕರೆಂಟ್ ಕೊಡಿಸಲು’ ಒಂದು ಚಿಕಿತ್ಸಾಲಯಕ್ಕೆ ಹೋದರು. ಭುಜಕ್ಕೆ ವಿದ್ಯುತ್ ಪ್ಯಾಡುಗಳನ್ನು ಅಂಟಿಸಲು ಅಣಿಯಾಗುತ್ತಿದ್ದಾಗ ಜೊತೆಗಿದ್ದ ಸೊಸೆ ಕೇಳಿದಳು: “ನಮ್ಮ ಅತ್ತ್ಯಾರ ಎದಿಯೊಳಗ ಮಷೀನ್ ಐತ್ರಿ, ಕರೆಂಟ್ ಕೊಟ್ರ ನಡೀತೈತೇನ್ರಿ?” ಕೂಡಲೇ ಚಿಕಿತ್ಸೆ ನಿಂತಿತು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಪ್ರಶ್ನೆ ಅದು. ಹೃದಯದ ಸ್ವಂತ ಮಿಡಿತವನ್ನು ಗಮನಿಸಿ, ಅದು ಬಾರದಿದ್ದಾಗ ಮಾತ್ರ ಪ್ರಚೋದನೆ ಕೊಡುವುದು ಪೇಸ್‌ಮೇಕರಿನ ಕೆಲಸ. ಹೊರಗಿನ ವಿದ್ಯುತ್ ಸಂಕೇತವನ್ನೇ ಅದು ಹೃದಯದ ಮಿಡಿತವೆಂದು ಓದಿಕೊಂಡರೆ ಪ್ರಚೋದನೆಯನ್ನು ತಡೆಹಿಡಿಯಬಹುದು. ಸಂಪೂರ್ಣ ಬ್ಲಾಕ್ ಇದ್ದು ಯಂತ್ರವನ್ನೇ ನೆಚ್ಚಿಕೊಂಡಿರುವವರು ಆಗ ಪ್ರಜ್ಞೆ ತಪ್ಪಬಹುದು. ಪ್ಯಾಡ್ ಅಂಟಿಸಿ ನೋವಿಗೆ ಕರೆಂಟ್ ಕೊಡುವ ವಿಧಾನಗಳಾದ ಟೆನ್ಸ್ ಮತ್ತು ಐಎಫ್‌ಟಿಯನ್ನು ಇಂಥವರ ಭುಜಕ್ಕೆ ಬಳಸದಿರುವುದಕ್ಕೆ ಕಾರಣ ಇದು. ಶಾರ್ಟ್‌ವೇವ್ ಡಯಾಥರ್ಮಿಯಂತೂ (ವಿದ್ಯುತ್ ತರಂಗಗಳಿಂದ ಮೈಯ ಆಳಕ್ಕೆ ಬಿಸಿ ಕೊಡುವ ಚಿಕಿತ್ಸೆ) ತಂತಿಯ ತುದಿಯನ್ನು ಬಿಸಿ ಮಾಡಿ ಹೃದಯದ ಗೋಡೆಗೇ ಹಾನಿ ಮಾಡಬಲ್ಲದು. ಆ ಚಿಕಿತ್ಸಾಲಯದವರು ಅವರನ್ನು ನಮ್ಮಲ್ಲಿಗೆ ಕಳುಹಿಸಿದರು. ಆಗ ಶಸ್ತ್ರಚಿಕಿತ್ಸೆಯಾಗಿ ನಾಲ್ಕನೆಯ ತಿಂಗಳು ನಡೆಯುತ್ತಿತ್ತು.

ಭುಜಕ್ಕೂ ಮೊದಲು

ನೋಡಿದ ಕೂಡಲೇ ಇದು ‘ಫ್ರೋಜನ್ ಶೋಲ್ಡರ್’, ಅಂದರೆ ಕೀಲಿನ ಸುತ್ತಲಿನ ಪೊರೆ ದಪ್ಪವಾಗಿ ಕುಗ್ಗಿ ಭುಜ ಹಿಡಿದುಕೊಂಡ ಸ್ಥಿತಿ ಎಂದು ಹೇಳುವಷ್ಟು ಚಿತ್ರ ಸ್ಪಷ್ಟವಾಗಿತ್ತು. ಆದರೂ ಅಂದೇ ವ್ಯಾಯಾಮ ಆರಂಭಿಸಬಾರದೆಂದು ನಿರ್ಧರಿಸಿದೆವು. ಯಂತ್ರದ ಕಡೆಯ ಕೈ ನೋಯುತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಯಂತ್ರದ ಮೇಲಿನ ಚರ್ಮ ಕೆಂಪಾಗಿದೆಯೇ, ಬಿಸಿಯಾಗಿದೆಯೇ, ತೆಳುವಾಗಿ ಹೊಳೆಯುತ್ತಿದೆಯೇ, ಜ್ವರ ಬರುತ್ತಿದೆಯೇ ಎಂಬುದು ಸೋಂಕಿನ ಪ್ರಶ್ನೆ. ಇಡೀ ಕೈ ಊದಿಕೊಂಡು ಬಣ್ಣ ಬದಲಾಗಿದೆಯೇ, ಎದೆಯ ಮೇಲೆ ಹೊಸದಾಗಿ ರಕ್ತನಾಳಗಳು ಉಬ್ಬಿ ಕಾಣುತ್ತಿವೆಯೇ ಎಂಬುದು ತಂತಿ ಹಾದ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಶಂಕೆಯದು. ತಲೆಸುತ್ತು ಮರಳಿದೆಯೇ, ಎದೆಯ ಸ್ನಾಯು ಅಥವಾ ಹೊಟ್ಟೆಯ ಮೇಲ್ಭಾಗ ತಾಳಬದ್ಧವಾಗಿ ಅದುರುತ್ತದೆಯೇ, ಬಿಡದ ಬಿಕ್ಕಳಿಕೆ ಇದೆಯೇ ಎಂದು ಕೇಳುವುದು ತಂತಿ ಜಾಗ ತಪ್ಪಿರುವ ಸಾಧ್ಯತೆಗಾಗಿ. ಬೆರಳುಗಳಲ್ಲಿ ಜೋಮು ಅಥವಾ ಹಿಡಿತದ ದುರ್ಬಲತೆ ಇದ್ದರೆ ಕತ್ತನ್ನೂ ನರಗಳನ್ನೂ ನೋಡಬೇಕು. ಕೈಯೆಲ್ಲ ಉರಿ, ಮುಟ್ಟಿದರೆ ಸಹಿಸಲಾಗದ ನೋವು, ಚರ್ಮದ ಬಣ್ಣ ಮತ್ತು ಬೆವರಿನಲ್ಲಿ ವ್ಯತ್ಯಾಸ ಇದ್ದರೆ ಅದು ಮತ್ತೊಂದೇ ತೊಂದರೆ.

ಈ ರೋಗಿಯಲ್ಲಿ ಇವು ಯಾವುವೂ ಇರಲಿಲ್ಲ. ಎರಡೂ ತೋಳುಗಳ ಸುತ್ತಳತೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೃದ್ರೋಗ ತಜ್ಞರು ರಕ್ತನಾಳದ ಡಾಪ್ಲರ್ ಪರೀಕ್ಷೆಯನ್ನೂ ಎದೆಯ ಎಕ್ಸ್-ರೇಯನ್ನೂ ಮಾಡಿಸಿದರು. ಹೆಪ್ಪು ಇರಲಿಲ್ಲ, ತಂತಿಗಳು ಇದ್ದಲ್ಲೇ ಇದ್ದವು. ಭುಜದ ಎಕ್ಸ್-ರೇಯಲ್ಲಿ ಸವೆತವಾಗಲಿ, ಸುಣ್ಣಗಟ್ಟಿದ್ದಾಗಲಿ ಕಾಣಲಿಲ್ಲ. ಎಂಆರ್‌ಐ ಮಾಡಿಸೋಣವೇ ಎಂದು ಮಗ ಕೇಳಿದರು. ಇಂದಿನ ಹಲವು ಪೇಸ್‌ಮೇಕರುಗಳಿರುವವರಿಗೆ ಸೂಕ್ತ ಸಿದ್ಧತೆಯೊಂದಿಗೆ ಎಂಆರ್‌ಐ ಮಾಡಬಹುದಾದರೂ, ಯಂತ್ರದ ಕಾರ್ಡು ನೋಡಿ, ಯಂತ್ರವನ್ನು ಆ ಹೊತ್ತಿಗೆ ಬೇರೆ ವಿಧಾನಕ್ಕೆ ಹೊಂದಿಸಿ, ಪರೀಕ್ಷೆಯುದ್ದಕ್ಕೂ ನಿಗಾ ಇಡಬೇಕಾಗುತ್ತದೆ. ಹಿಡಿದುಕೊಂಡ ಭುಜವನ್ನು ಕೈಯಿಂದ ಪರೀಕ್ಷಿಸಿಯೇ ಗುರುತಿಸಬಹುದಾದ್ದರಿಂದ ಅದು ಬೇಡವೆಂದಾಯಿತು.

ಕೈಯಿಂದ ಪರೀಕ್ಷಿಸಿದಾಗ ಸಿಕ್ಕ ಅಳತೆಗಳು ಹೀಗಿದ್ದವು. ಪಕ್ಕಕ್ಕೆ ಎತ್ತಿದರೆ 70 ಡಿಗ್ರಿ, ಅದರಲ್ಲೂ ಹೆಗಲನ್ನು ಕಿವಿಯವರೆಗೆ ಏರಿಸಿದ ಮೇಲೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ 10 ಡಿಗ್ರಿ. ಬಲಗೈಯಲ್ಲಿ ಅದು 65 ಇತ್ತು. ಬೆನ್ನ ಹಿಂದೆ ಕೈ ಸೊಂಟದವರೆಗೂ ಬರುತ್ತಿರಲಿಲ್ಲ. ಮುಖ್ಯವಾದ ಸುಳಿವೆಂದರೆ, ಅವರೇ ಕೈ ಎತ್ತಿದಾಗ ಎಲ್ಲಿ ನಿಂತಿತೋ ನಾನು ಹಿಡಿದು ಎತ್ತಿದಾಗಲೂ ಅಲ್ಲೇ ನಿಂತಿತು. ಸ್ನಾಯು ಹರಿದಿದ್ದರೆ ಅಥವಾ ಬರೀ ಭಯದಿಂದ ಕೈ ಬಿಗಿಹಿಡಿದಿದ್ದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅದೇ ವೇಳೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 9.1 ಬಂತು. ಥೈರಾಯ್ಡ್ ಸರಿಯಾಗಿತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹಿಡಿದುಕೊಳ್ಳುವುದು ಉಳಿದವರಿಗಿಂತ ಹಲವು ಪಟ್ಟು ಸಾಮಾನ್ಯ. ಹಾಗಾಗಿ ಕೈಜೋಲಿಯೊಂದೇ ಇದಕ್ಕೆ ಕಾರಣ ಎನ್ನಲಾರೆ. ನೆಲ ಮೊದಲೇ ಹದವಾಗಿತ್ತು, ಕೈಜೋಲಿ ಬೀಜ ಬಿತ್ತಿತು.

ಪರದೆಯ ಮುಂದೆ

ರೋಗ ಗೊತ್ತಾಯಿತು, ವ್ಯಾಯಾಮ ಮಾಡಬೇಕು ಎಂದೆವು. ಅವರು ಮಾಡಲಿಲ್ಲ. ಎದುರಿಗೆ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಮುಂದಿನ ಸಲ ಬಂದಾಗ ಅಳತೆ ಒಂದಿಷ್ಟೂ ಕದಲಿರುತ್ತಿರಲಿಲ್ಲ. ಬಿಡಿಸಿ ಕೇಳಿದಾಗ ಬಂದ ಉತ್ತರ: “ನೀವು ಎತ್ತ್ರಿ ಅಂತೀರಿ, ಅವ್ರು ಎತ್ತಬ್ಯಾಡ್ರಿ ಅಂದಾರ. ಮಷೀನ್ ಬಂದ್ ಬಿದ್ರ ಯಾರ್ ನೋಡ್ತಾರ್ರಿ?” ಈ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಜೀವ ಉಳಿಸಿದವರ ಲಿಖಿತ ಸೂಚನೆ ಒಂದು ಕಡೆ, ಭುಜ ನೋಡುವವರ ಬಾಯಿಮಾತು ಇನ್ನೊಂದು ಕಡೆ.

ಆದ್ದರಿಂದ ಯಂತ್ರದ ತಪಾಸಣೆಯ ದಿನ ನಾವೂ ಹಾಜರಿರಲು ಹೃದ್ರೋಗ ತಜ್ಞರ ಒಪ್ಪಿಗೆ ಪಡೆದೆವು. ತಪಾಸಣೆಯಲ್ಲಿ ಚರ್ಮದ ಮೇಲೆ ಒಂದು ಸಾಧನವಿಟ್ಟು ಯಂತ್ರದೊಳಗಿನ ಮಾಹಿತಿಯನ್ನು ಪರದೆಯ ಮೇಲೆ ಓದುತ್ತಾರೆ: ಬ್ಯಾಟರಿ ಎಷ್ಟಿದೆ, ಹೃದಯವನ್ನು ಮಿಡಿಸಲು ಎಷ್ಟು ವೋಲ್ಟ್ ಬೇಕು, ತಂತಿಯ ವಿದ್ಯುತ್ ರೋಧ ಸರಿಯಿದೆಯೇ, ಹೃದಯದ ಸಂಕೇತ ಸ್ಪಷ್ಟವಾಗಿ ಬರುತ್ತಿದೆಯೇ. ತಂತಿಯಲ್ಲಿ ಬಿರುಕಿನ ಶಂಕೆ ಇದ್ದಾಗ ರೋಗಿಯ ಕೈಯನ್ನು ಬೇರೆ ಬೇರೆ ದಿಕ್ಕಿಗೆ ಆಡಿಸಿ ಪರದೆಯಲ್ಲಿ ಅಡಚಣೆಯ ಗೆರೆಗಳು ಮೂಡುತ್ತವೆಯೇ ಎಂದು ನೋಡುವ ಕ್ರಮವೂ ಇದೆ. ಇಲ್ಲಿ ಶಂಕೆಯೇನೂ ಇರಲಿಲ್ಲ. ಆದರೂ ತಜ್ಞರು ಅದನ್ನು ರೋಗಿಗೆ ಕಾಣುವಂತೆ ಮಾಡಿದರು. ಪರದೆಯನ್ನು ಅವರ ಕಡೆ ತಿರುಗಿಸಿ, ನಾನು ಎಡಗೈಯನ್ನು ಹೋಗುವಷ್ಟು ಎತ್ತುತ್ತಾ, ತಿರುಗಿಸುತ್ತಾ ಹೋದಂತೆ ಗೆರೆಗಳು ಒಂದೇ ಸಮನೆ ಸಾಗುತ್ತಿದ್ದುದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಹಳೆಯ ಬಿಡುಗಡೆ ಚೀಟಿಯ ಅದೇ ಸಾಲಿನ ಕೆಳಗೆ ದಿನಾಂಕ ಹಾಕಿ, ಈ ನಿರ್ಬಂಧ ಮುಗಿದಿದೆ, ಎಲ್ಲ ದಿಕ್ಕಿಗೂ ಕೈ ಆಡಿಸಬಹುದು ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿದರು.

ವ್ಯಾಯಾಮ ನಿಜವಾಗಿ ಶುರುವಾದದ್ದು ಅಂದಿನಿಂದ. ಪರದೆಯೋ, ಆ ಬರಹವೋ, ಯಾವುದು ಹೆಚ್ಚು ಕೆಲಸ ಮಾಡಿತೆಂದು ಹೇಳಲಾರೆ. ಸೊಸೆ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು ಎಂಬುದನ್ನಷ್ಟೇ ಹೇಳಬಲ್ಲೆ.

ಚಿಕಿತ್ಸೆ ನಡೆದ ದಾರಿ

ಮೊದಲ ಗುರಿ ಕೈ ಎತ್ತುವುದಲ್ಲ, ನಿದ್ದೆ. ಅಂಗಡಿಯ ಮಾತ್ರೆಗಳನ್ನು ನಿಲ್ಲಿಸಿ ವೈದ್ಯರು ಪ್ಯಾರಾಸಿಟಮಾಲನ್ನು ಹೊತ್ತುಹೊತ್ತಿಗೆ ಕೊಟ್ಟರು. ಮಲಗುವಾಗ ಎಡತೋಳಿನ ಕೆಳಗೆ ಮಡಿಸಿದ ಕೌದಿ ಇಟ್ಟು ತೋಳು ಹಿಂದಕ್ಕೆ ಜಾರದಂತೆ ಮಾಡಿದೆವು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಯಂತ್ರವಿರುವ ಮುಂಭಾಗ ಬಿಟ್ಟು, ಭುಜದ ಹಿಂಬದಿಗೆ ಮಾತ್ರ ಇಡಲು ಹೇಳಿದೆವು.

ಇಷ್ಟಾದರೂ ರಾತ್ರಿಯ ನೋವು ಸಾಕಷ್ಟು ಇಳಿಯದಿದ್ದಾಗ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದಿನ ಮಾತು ಬಂತು. ಇಲ್ಲಿ ಎರಡು ಅಡ್ಡಿಗಳಿದ್ದವು. ಒಂದು, ಸಕ್ಕರೆ, ಕೀಲಿಗೆ ಕೊಟ್ಟ ಸ್ಟೀರಾಯ್ಡ್ ಕೂಡ ಕೆಲವು ದಿನ ಸಕ್ಕರೆಯನ್ನು ಏರಿಸುತ್ತದೆ. ಇನ್ನೊಂದು, ಯಂತ್ರದ ಹತ್ತಿರ ಸೂಜಿ. ಅಲ್ಲಿ ಸೋಂಕು ತಗುಲಿದರೆ ಯಂತ್ರವನ್ನೂ ತಂತಿಗಳನ್ನೂ ತೆಗೆಯಬೇಕಾಗಿ ಬರಬಹುದು. ವೈದ್ಯರು ಮೂರು ವಾರ ಸಕ್ಕರೆಯನ್ನು ಹತೋಟಿಗೆ ತಂದುಕೊಂಡರು. ಮೂಳೆ ತಜ್ಞರು ಭುಜದ ಹಿಂಬದಿಯಿಂದ, ಯಂತ್ರದಿಂದ ದೂರವಾಗಿ ಸೂಜಿ ಹಾಕುವುದೆಂದು ನಿಶ್ಚಯಿಸಿದರು. ಚುಚ್ಚುಮದ್ದಿನ ನಂತರದ ವಾರ ಮನೆಯಲ್ಲಿ ದಿನವೂ ಸಕ್ಕರೆ ಅಳೆದರು. 280ರ ತನಕ ಏರಿ ಇಳಿಯಿತು. ಹತ್ತು ದಿನಗಳೊಳಗೆ ರಾತ್ರಿಯ ನಿದ್ದೆ ಮರಳಿತು. ಭುಜದ ಬಿಗಿತ ಹಾಗೆಯೇ ಇತ್ತು, ಆದರೆ ಅದರ ಮೇಲೆ ಕೆಲಸ ಮಾಡಲು ಈಗ ಬಾಗಿಲು ತೆರೆದಿತ್ತು.

ವ್ಯಾಯಾಮಗಳು ಸರಳವಾದವು. ಮೇಜಿಗೆ ಬಲಗೈ ಊರಿ ಬಗ್ಗಿ, ಎಡಗೈಯನ್ನು ಸಡಿಲವಾಗಿ ಜೋತುಬಿಟ್ಟು ಮೈಯ ತೂಗಾಟದಿಂದ ಅದನ್ನು ತೂಗುವುದು. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು, ಬಲಗೈಯ ಬಲದಿಂದ ಎಡಗೈಯನ್ನು ತಲೆಯ ಕಡೆಗೂ ಹೊರಕ್ಕೂ ಒಯ್ಯುವುದು. ಗೋಡೆಯ ಮೇಲೆ ಬೆರಳು ಹತ್ತಿಸುವುದು ಮತ್ತು ಬೆನ್ನ ಹಿಂದಿನ ಟವೆಲ್ ವ್ಯಾಯಾಮ ಬಹಳ ತಡವಾಗಿ ಸೇರಿದವು. ದಿನಕ್ಕೊಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಐದೈದು ನಿಮಿಷದಂತೆ ನಾಲ್ಕಾರು ಸಲ ಮಾಡುವುದು ಮೇಲು ಎಂದೆವು. ಮಾಡಿದ ಮೇಲೆ ಹೆಚ್ಚಿದ ನೋವು ಅರ್ಧ ಗಂಟೆಯಲ್ಲಿ ಇಳಿದರೆ ಸರಿ; ಆ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅರ್ಧಕ್ಕೆ ಇಳಿಸಬೇಕು. ಯಾರೋ ಹಿಡಿದು ಬಲವಂತವಾಗಿ ಎತ್ತಿಸುವುದನ್ನು ಪೂರ್ತಿ ನಿಷೇಧಿಸಿದೆವು, ಏಕೆಂದರೆ ಉರಿಯೂತ ಇನ್ನೂ ಆರದ ಭುಜ ಅದರಿಂದ ಮತ್ತಷ್ಟು ಬಿಗಿಯುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಮನೆಗೆಲಸದೊಳಗೆ ಸೇರಿಕೊಂಡ ಚಲನೆಗಳು. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಎರಡೂ ಭುಜದ ಮಟ್ಟಕ್ಕಿಂತ ಕೆಳಗೆ, ಎರಡೂ ಕೈ ಕೂಡಿ ನಡೆಯುವ ಕೆಲಸಗಳು. ಗಾಯ ಮಾಯ್ದ ಮೇಲೆ ಇವನ್ನು ತಡೆಯಲು ಕಾರಣವೇ ಇರಲಿಲ್ಲ. ನಾಲ್ಕು ತಿಂಗಳ ನಂತರ ಮತ್ತೆ ರೊಟ್ಟಿ ಬಡಿಯಲು ಕೂತಾಗ ಅವರ ಮುಖದಲ್ಲಿ ಬಂದ ಗೆಲುವನ್ನು ಯಾವ ಕೋನಮಾಪಕವೂ ಅಳೆಯಲಾರದು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಮಗ ಎದೆಮಟ್ಟಕ್ಕೆ ಇಳಿಸಿ ಕಟ್ಟಿದರು. ಕೈ ಬಂದಂತೆಲ್ಲ ಹಗ್ಗವನ್ನು ಗೇಣುಗೇಣಾಗಿ ಏರಿಸುತ್ತಾ ಹೋದರು. ನಾನು ಬರೆದಿಡುತ್ತಿದ್ದ ಡಿಗ್ರಿಗಳಿಗಿಂತ ಆ ಕಂಬದ ಮೇಲಿನ ಗಂಟಿನ ಗುರುತುಗಳು ಮನೆಯವರಿಗೆ ಚೆನ್ನಾಗಿ ಅರ್ಥವಾಗುತ್ತಿದ್ದವು.

ಫಲ

ನಡುವೆ ಒಂದು ಹಿನ್ನಡೆಯಾಯಿತು. ನಲ್ಲಿಯಲ್ಲಿ ನೀರು ಬಾರದ ವಾರ ಎಡಗೈಯಿಂದ ತುಂಬಿದ ಕೊಡ ಎತ್ತಿ, ನೋವು ಮರುಕಳಿಸಿ, ಮತ್ತೆ ಕೈಯನ್ನು ಎದೆಗವಚಿಕೊಂಡರು. ಹೊಸದಾಗಿ ಏನೂ ಕೆಟ್ಟಿಲ್ಲವೆಂದು ಪರೀಕ್ಷಿಸಿ, ಹಿಂದಿನ ಹಂತದಿಂದ ಮುಂದುವರಿಸಿದೆವು. ಶಸ್ತ್ರಚಿಕಿತ್ಸೆಯಾಗಿ ವರ್ಷವಾಗುವ ಹೊತ್ತಿಗೆ ಪಕ್ಕಕ್ಕೆ ಎತ್ತುವ ಅಳತೆ 140 ಡಿಗ್ರಿಗೂ, ಹೊರಕ್ಕೆ ತಿರುಗಿಸುವುದು 50ಕ್ಕೂ ಬಂದಿತ್ತು. ತಲೆ ತಾವೇ ಬಾಚಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಕೈ ಒಯ್ಯುವುದು ಮಾತ್ರ ಪೂರ್ತಿ ಬರಲಿಲ್ಲ. ಎಚ್‌ಬಿಎ1ಸಿ 7.4ಕ್ಕೆ ಇಳಿದಿತ್ತು. ಹಿಡಿದುಕೊಂಡ ಭುಜ ಒಂದರಿಂದ ಮೂರು ವರ್ಷದಲ್ಲಿ ಬಹುಪಾಲು ತಾನಾಗಿಯೂ ಸಡಿಲವಾಗುವುದುಂಟು. ಆದ್ದರಿಂದ ಈ ಚೇತರಿಕೆಯೆಲ್ಲ ಚಿಕಿತ್ಸೆಯ ಫಲವೆಂದು ಹೇಳಿಕೊಳ್ಳುವುದು ನ್ಯಾಯವಲ್ಲ. ನಿದ್ದೆ ಬೇಗ ಮರಳಿದ್ದು ಮತ್ತು ಅಂಗಡಿಯ ಮಾತ್ರೆ ನಿಂತದ್ದು ಚಿಕಿತ್ಸೆಯದೇ ಎಂದು ಧೈರ್ಯವಾಗಿ ಹೇಳಬಹುದು.

ಪ್ರಕರಣದಿಂದ ಕಲಿಯಬಹುದಾದದ್ದು

ಕೈ ಎತ್ತಬೇಡಿ ಎಂಬ ಸೂಚನೆ ತಪ್ಪಲ್ಲ. ಹೊಸ ತಂತಿಯ ತುದಿ ಹೃದಯದ ಗೋಡೆಗೆ ಗಟ್ಟಿಯಾಗಿ ಕೂರಲು ಕೆಲವು ವಾರ ಬೇಕು. ತಂತಿ ಜಾಗ ತಪ್ಪುವುದು ಹೆಚ್ಚಾಗಿ ಆ ಆರಂಭದ ದಿನಗಳಲ್ಲೇ. ನಿರ್ಬಂಧದ ಅವಧಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ನಾಲ್ಕರಿಂದ ಆರು ವಾರ ಎಂಬುದು ಸಾಮಾನ್ಯ. ಕೊರತೆ ಇದ್ದದ್ದು ಸೂಚನೆಯ ಉಳಿದರ್ಧದಲ್ಲಿ: ಯಾವ ದಿನಾಂಕದವರೆಗೆ ಎಂಬುದು, ಮತ್ತು ಅದುವರೆಗೆ ಭುಜದ ಮಟ್ಟಕ್ಕಿಂತ ಕೆಳಗೆ ಕೈಯನ್ನು ಧಾರಾಳವಾಗಿ ಆಡಿಸಲೇಬೇಕು ಎಂಬುದು. ಉಣ್ಣುವುದು, ಬಟ್ಟೆ ಮಡಿಸುವುದು, ಮುಖ ತೊಳೆಯುವುದು, ಮೊಣಕೈ ಮತ್ತು ಮಣಿಕಟ್ಟು ಮಡಿಸುವುದು ಎಲ್ಲವೂ ಮೊದಲ ದಿನಗಳಿಂದಲೇ ನಡೆಯಬಹುದಾದವು. ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಎರಡು ಸಲ ಹೇಳಬೇಕು, ಮತ್ತು ಮೊದಲ ತಪಾಸಣೆಗೆ ಬಂದಾಗ ಗಾಯದ ಜೊತೆಗೆ ಭುಜವನ್ನೂ ತಿರುಗಿಸಿ ನೋಡಬೇಕು. ಹೊರಕ್ಕೆ ತಿರುಗಿಸುವ ಚಲನೆ ಕಡಿಮೆಯಾಗಿರುವುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ವರ್ಷದ ತಪಾಸಣೆಗೆ ಬಂದಾಗ ಅವರು ಕೇಳಿದ ಪ್ರಶ್ನೆಯೊಂದನ್ನು ಕಡತದಲ್ಲಿ ಬರೆದಿಟ್ಟಿದ್ದೇವೆ: ಮುಂದೆ ಬ್ಯಾಟರಿ ಮುಗಿದಾಗ ಮತ್ತೆ ಹೀಗೆಯೇ ಕೈ ಕಟ್ಟಿಕೊಂಡು ಕೂರಬೇಕೇ ಎಂದು. ಬ್ಯಾಟರಿ ಮುಗಿದಾಗ ಸಾಮಾನ್ಯವಾಗಿ ಬದಲಿಸುವುದು ಚರ್ಮದಡಿಯ ಯಂತ್ರವನ್ನಷ್ಟೇ. ತಂತಿಗಳು ಸರಿಯಿದ್ದರೆ ಅವನ್ನು ಹಾಗೆಯೇ ಬಿಟ್ಟು ಹೊಸ ಯಂತ್ರಕ್ಕೆ ಜೋಡಿಸುತ್ತಾರೆ. ಹಳೆಯ ತಂತಿ ಆ ವೇಳೆಗೆ ಗಟ್ಟಿಯಾಗಿ ಕೂತಿರುವುದರಿಂದ ಗಾಯ ಮಾಯುವ ತನಕದ ಎಚ್ಚರಿಕೆ ಸಾಕಾಗುತ್ತದೆ, ಹೊಸ ತಂತಿ ಹಾಕಿದರೆ ಮಾತ್ರ ಹಿಂದಿನ ನಿಯಮ ಎಂದು ಹೃದ್ರೋಗ ತಜ್ಞರು ಉತ್ತರಿಸಿದರು. ಆ ಉತ್ತರವನ್ನೂ ದಿನಾಂಕ ಸಹಿತ ಬರೆಯಿಸಿಕೊಂಡೇ ಸೊಸೆ ಹೊರಟಳು.